ತಂಬೂರಿ ಯಾಕೆ ಒದರಿತು? – ಅರ್ಧ ಟೊಳ್ಳು ಗಿಟಾರಿನ ಚರಿತ್ರೆ



ಕಳೆದ ಆಗಸ್ಟ್ ಹದಿನೈದರಂದು ನಮ್ಮ ಕೊತ್ತಪಲ್ಲಿಯಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಧ್ವಜಾರೋಹಣ ಆಯಿತು, ಮಕ್ಕಳ ಭಾಷಣ ಆಯಿತು, ಬಿಸ್ಕತ್ತು ಚಾಕಲೇಟು ಹಂಚಿದ್ದೂ ಆಯಿತು. ಊರಿನ ಭಜನೆ ತಾತನಿಂದ ಒಂದು ತತ್ವಪದ ಹಾಡಿಸಿ ಕಾರ್ಯಕ್ರಮ ಮುಗಿಸೋಣ ಎಂದುಕೊಂಡಿದ್ದೆವು. ತಾತ ಬಿಳಿ ಅಂಗಿ ತೊಟ್ಟು, ಹೆಗಲ ಮೇಲೆ ಶಲ್ಯ ಹಾಕಿಕೊಂಡು, ತಂಬೂರಿ ಹಿಡಿದು ಬಂದು ಕುಳಿತರು. ಬಾಡಿಗೆ ಮೈಕಿನ ಹುಡುಗ ಒಂದು ಮೈಕು ಬಾಯಿಗೆ, ಇನ್ನೊಂದು ತಂಬೂರಿಯ ಬುರುಡೆಗೆ ಇಟ್ಟ. ತಾತ ತಂತಿ ಮೀಟಿದ್ದೇ ತಡ, ಸ್ಪೀಕರ್ ಬಾಕ್ಸು "ಕೂಂ..." ಎಂದು ಒದರತೊಡಗಿತು. ಮೀಟುವುದು ನಿಲ್ಲಿಸಿದರೂ ಅದು ನಿಲ್ಲಲಿಲ್ಲ. ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕರು. ತಾತ ಎರಡು ಸಲ ಪ್ರಯತ್ನಿಸಿ, ತಂಬೂರಿಯನ್ನು ಪಕ್ಕಕ್ಕೆ ಇಟ್ಟು, ಶ್ರುತಿ ಇಲ್ಲದೆ ಬರಿ ಬಾಯಲ್ಲೇ ಒಂದು ಪದ ಹಾಡಿ ಎದ್ದರು. ಅವರ ಮುಖ ನೋಡಲು ನಮಗೆ ಆಗಲಿಲ್ಲ.

ಅದೇ ದಿನ, ಅದೇ ಬಾಕ್ಸಿಗೆ, ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಹೈದರಾಬಾದಿನಲ್ಲಿ ಕೆಲಸದಲ್ಲಿರುವ ಹುಡುಗನೊಬ್ಬ ತನ್ನ ಗಿಟಾರಿನ ವೈರು ಸಿಕ್ಕಿಸಿ ನುಡಿಸಿದ. ಕೆಂಪು ಬಣ್ಣದ ಗಿಟಾರು, ಮೈಮೇಲೆ ಎರಡು ಕಡೆ 'ಎಫ್' ಅಕ್ಷರದಂಥ ಸೀಳು, ಒಳಗೆ ಇಣುಕಿದರೆ ಟೊಳ್ಳು ಕಾಣುತ್ತಿತ್ತು. ಅದು ಮಾತ್ರ ಒದರಲಿಲ್ಲ. ಬಾಕ್ಸಿನ ಹತ್ತಿರವೇ ನಿಂತು ನುಡಿಸಿದರೂ ಒದರಲಿಲ್ಲ!

ಮರುದಿನ ತರಗತಿಯಲ್ಲಿ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು. "ಸರ್, ತಾತನ ತಂಬೂರಿನೂ ಟೊಳ್ಳು, ಅಣ್ಣನ ಗಿಟಾರೂ ಟೊಳ್ಳು. ತಾತಂದು ಯಾಕ ಒದರಿತ್ರಿ, ಅಣ್ಣಂದು ಯಾಕ ಒದರಲಿಲ್ಲ?"

ನಾವು ಸಮಾಜ ವಿಜ್ಞಾನ ಹೇಳುವವರು. ವಿಜ್ಞಾನದ ಮೇಷ್ಟ್ರ ಕಡೆ ಬೆರಳು ತೋರಿಸಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಹುಡುಕುತ್ತ ಹೋದಂತೆ ಇದು ಚರಿತ್ರೆಯ ಪ್ರಶ್ನೆಯೇ ಎಂದು ತಿಳಿಯಿತು. ಇದೇ ಪ್ರಶ್ನೆಗೆ ಅಮೆರಿಕದ ಗಿಟಾರು ಮಾಡುವವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಉತ್ತರ ಹುಡುಕಿದ್ದಾರೆ.

ಮೊದಲು ಟೊಳ್ಳಿನ ವಿಷಯ. ಒಂದು ತಂತಿಯನ್ನು ಎರಡು ಮೊಳೆಗೆ ಬಿಗಿದು ಮೀಟಿ ನೋಡಿ, ಪಕ್ಕದವರಿಗೂ ಸರಿಯಾಗಿ ಕೇಳಿಸುವುದಿಲ್ಲ. ಅದೇ ತಂತಿಯನ್ನು ಒಣಗಿದ ಸೋರೆ ಬುರುಡೆಗೆ ಕಟ್ಟಿದರೆ ಓಣಿಯ ಕೊನೆಗೂ ಕೇಳುತ್ತದೆ. ತಂತಿಯ ಕಂಪನ ಬುರುಡೆಯನ್ನೂ ಒಳಗಿನ ಗಾಳಿಯನ್ನೂ ನಡುಗಿಸುವುದೇ ಇದಕ್ಕೆ ಕಾರಣ. ನಮ್ಮ ಸೀಮೆಗೆ ಇದು ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯನ ಹೆಸರಿನಲ್ಲೇ ಕಿನ್ನರಿ ಇದೆ. ಗದ್ವಾಲ ಸೀಮೆಯ ಉತ್ತನೂರಿನಲ್ಲಿ ನೆಲೆಸಿದ ಗೋಪಾಲದಾಸರ ಕೀರ್ತನೆಗಳನ್ನು ಇಂದಿಗೂ ತಂಬೂರಿ ಇಲ್ಲದೆ ಊಹಿಸಿಕೊಳ್ಳಲಾಗದು. ನಮ್ಮ ಹಳೇ ಮಹಬೂಬ್‌ನಗರ ಜಿಲ್ಲೆಗೆ ಸೇರಿದ್ದ, ಈಗಿನ ನಾಗರಕರ್ನೂಲು ಜಿಲ್ಲೆಯ ದರ್ಶನಂ ಮೊಗಿಲಯ್ಯನವರಿಗೆ 2022ರಲ್ಲಿ ಪದ್ಮಶ್ರೀ ಬಂತಲ್ಲ, ಅವರು ನುಡಿಸುವುದು ಹನ್ನೆರಡು ಮೆಟ್ಟಿನ ಕಿನ್ನೆರ. ಬಿದಿರಿನ ಕೋಲು, ಅದಕ್ಕೆ ಕಟ್ಟಿದ ಬುರುಡೆಗಳು, ಮೆಟ್ಟುಗಳ ಮೇಲೆ ಓಡುವ ಬೆರಳು. ಗಿಟಾರಿಗೂ ಇದಕ್ಕೂ ತತ್ವ ಒಂದೇ.

ಈ ವಾದ್ಯಗಳೆಲ್ಲ ಗುಡಿಯ ಕಟ್ಟೆಗೆ, ಮನೆಯ ಪಡಸಾಲೆಗೆ ಹುಟ್ಟಿದವು. ಇಪ್ಪತ್ತೈದು ಜನ ಕೂತು ಕೇಳಲು ಸಾಕು. ಸಾವಿರ ಜನ ಸೇರಿದರೆ, ಪಕ್ಕದಲ್ಲಿ ಕಹಳೆ ತಮಟೆ ಬಾರಿಸಿದರೆ, ಪಾಪ ಏನು ಕೇಳೀತು?

ಗಿಟಾರಿಗೂ ಇದೇ ಕಷ್ಟ ಬಂತು. 1920ರ ದಶಕದಲ್ಲಿ ಅಮೆರಿಕದ ನೃತ್ಯಶಾಲೆಗಳ ವಾದ್ಯಮೇಳ ದೊಡ್ಡದಾಗುತ್ತ ಹೋಯಿತು. ಹತ್ತಾರು ಜನ ತುತ್ತೂರಿ, ಸ್ಯಾಕ್ಸೋಫೋನು ಊದುವಾಗ ಗಿಟಾರಿನವನು ಮೂಲೆಯಲ್ಲಿ ಕೂತು ತಾಳಕ್ಕೆ ತಂತಿ ಬಡಿಯುವುದಷ್ಟೇ ಆಯಿತು. ಮಿಶಿಗನ್ ರಾಜ್ಯದ ಕಲಮಜೂ ಎಂಬ ಊರಿನ ಗಿಬ್ಸನ್ ಕಂಪನಿ 1922ರಲ್ಲಿ ಎಲ್-5 ಎಂಬ ಗಿಟಾರನ್ನು ತಂದಿತು. ಅದಕ್ಕೆ ಪಿಟೀಲಿನಂತೆ ಉಬ್ಬಿದ ಮೈ, ಪಿಟೀಲಿನಂತೆಯೇ 'ಎಫ್' ಸೀಳು. ದನಿ ಸ್ವಲ್ಪ ಜೋರಾಯಿತು, ಆದರೂ ಸಾಲದಾಯಿತು.

ಆಮೇಲೆ ಬಂದದ್ದು ವಿದ್ಯುತ್ತು. ಹತ್ತನೇ ತರಗತಿಯ ಮಕ್ಕಳು ವಿದ್ಯುತ್ಕಾಂತೀಯ ಪ್ರೇರಣೆಯ ಪಾಠವನ್ನು ಒಮ್ಮೆ ನೆನಪಿಸಿಕೊಳ್ಳಿ. 1831ರಲ್ಲಿ ಫ್ಯಾರಡೆ ಕಂಡುಹಿಡಿದದ್ದೇ ಇಲ್ಲಿ ಕೆಲಸಕ್ಕೆ ಬಂತು. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ. ಮೇಲಿನ ತಂತಿ ನಡುಗಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹರಿಯುತ್ತದೆ, ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಟ್ಟರೆ ಮುಗಿಯಿತು. ಇದಕ್ಕೆ ಪಿಕಪ್ ಎನ್ನುತ್ತಾರೆ. 1930ರ ದಶಕದ ಆರಂಭದಲ್ಲಿ ರಿಕನ್‌ಬ್ಯಾಕರ್ ಕಂಪನಿ ಹೀಗೆ ಮಾಡಿದ ಮೊದಲ ಗಿಟಾರು ಅಲ್ಯೂಮಿನಿಯಮ್ಮಿನದು, ತೊಡೆಯ ಮೇಲೆ ಮಲಗಿಸಿ ನುಡಿಸುವ ಹವಾಯಿ ಗಿಟಾರು. ನಮ್ಮ ಜೋಳದ ರೊಟ್ಟಿ ಬೇಯಿಸುವ ಹಂಚಿಗೆ ಉದ್ದನೆ ಹಿಡಿ ಹಾಕಿದಂತಿತ್ತು. ಅಲ್ಲಿನವರೂ ಅದನ್ನು 'ಬಾಣಲೆ' ಎಂದೇ ಕರೆದರು!

1936ರಲ್ಲಿ ಗಿಬ್ಸನ್ ಕಂಪನಿ ತನ್ನ ಟೊಳ್ಳು ಗಿಟಾರಿಗೆ ಪಿಕಪ್ ಕೂಡಿಸಿ ಇ.ಎಸ್.-150 ಎಂದು ಹೆಸರಿಟ್ಟಿತು. ಇ.ಎಸ್. ಎಂದರೆ ಎಲೆಕ್ಟ್ರಿಕ್ ಸ್ಪ್ಯಾನಿಷ್. ಅದನ್ನು ಹಿಡಿದು ಮೇಲೆ ಬಂದವನು ಓಕ್ಲಹೋಮಾದಲ್ಲಿ ಬೆಳೆದ ಕಪ್ಪು ಜನಾಂಗದ ತರುಣ ಚಾರ್ಲಿ ಕ್ರಿಶ್ಚಿಯನ್. 1939ರಲ್ಲಿ ಬೆನ್ನಿ ಗುಡ್‌ಮನ್ ಎಂಬ ಆ ಕಾಲದ ಪ್ರಸಿದ್ಧ ಮೇಳಗಾರ ಅವನನ್ನು ಸೇರಿಸಿಕೊಂಡ. ಮೂಲೆಯಲ್ಲಿ ತಾಳ ಹಾಕುತ್ತಿದ್ದ ಗಿಟಾರು ಮೊದಲ ಬಾರಿಗೆ ತುತ್ತೂರಿಯ ಸಮ ಸಮ ನಿಂತು ತನ್ನ ಮಾತು ಆಡಿತು. 1942ರಲ್ಲಿ ಕ್ಷಯರೋಗದಿಂದ ಅವನು ತೀರಿಕೊಂಡಾಗ ವಯಸ್ಸು ಇನ್ನೂ 25. ಮೂರು ವರ್ಷವೂ ಪೂರ್ತಿ ಸಿಗದ ಆ ಅವಧಿಯಲ್ಲಿ ಅವನು ನುಡಿಸಿದ್ದನ್ನು ಜಾಜ್ ಗಿಟಾರಿನವರು ಈಗಲೂ ಪಾಠದಂತೆ ಕಲಿಯುತ್ತಾರೆ.

ಆದರೆ ದನಿ ಹೆಚ್ಚಿಸುತ್ತ ಹೋದಂತೆ ನಮ್ಮ ತಾತನಿಗೆ ಆದದ್ದೇ ಅವರಿಗೂ ಆಯಿತು. ಸ್ಪೀಕರಿನಿಂದ ಬಂದ ಸದ್ದು ಗಿಟಾರಿನ ತೆಳ್ಳನೆ ಮೈಯನ್ನು ನಡುಗಿಸುತ್ತದೆ, ಮೈ ತಂತಿಯನ್ನು ನಡುಗಿಸುತ್ತದೆ, ಪಿಕಪ್ ಅದನ್ನು ಮತ್ತೆ ಸ್ಪೀಕರಿಗೆ ಕಳಿಸುತ್ತದೆ, ಸ್ಪೀಕರ್ ಇನ್ನೂ ಜೋರಾಗಿ ಹಿಂದಿರುಗಿಸುತ್ತದೆ. ಬಾವಿಯ ರಾಟೆಯಂತೆ ಸುತ್ತುತ್ತಲೇ ಇರುತ್ತದೆ. ಅದೇ ಆ ಒದರಾಟ. ಸಣ್ಣ ದನಿಯನ್ನು ದೊಡ್ಡದು ಮಾಡಲಿ ಎಂದು ಕೊಟ್ಟ ಟೊಳ್ಳು ಮೈಯೇ ಸ್ಪೀಕರಿನ ಮುಂದೆ ಶತ್ರುವಾಯಿತು.

ಹಾಗಾದರೆ ಟೊಳ್ಳನ್ನೇ ತೆಗೆದರೆ? ಲೆಸ್ ಪಾಲ್ ಎಂಬ ವಾದಕ 1940ರ ಸುಮಾರಿಗೆ ಅದನ್ನೇ ಮಾಡಿದ. ನಾಲ್ಕು ಅಂಗುಲ ಅಗಲ, ನಾಲ್ಕು ಅಂಗುಲ ದಪ್ಪದ ಒಂದು ಪೈನ್ ಮರದ ತೊಲೆಗೆ ತಂತಿ, ಪಿಕಪ್ ಬಿಗಿದ. ನಮ್ಮಲ್ಲಿ ಮಾಳಿಗೆಗೆ ಹಾಕುತ್ತೇವಲ್ಲ, ಅಂಥ ತೊಲೆ. ಒದರಾಟ ನಿಂತಿತು. ಆದರೆ ನೋಡಿದವರಿಗೆ ಅದು ಗಿಟಾರು ಎನಿಸಲೇ ಇಲ್ಲ. ಆಗ ಅವನು ಒಂದು ಹಳೇ ಟೊಳ್ಳು ಗಿಟಾರನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ತೊಲೆಯ ಎರಡು ಬದಿಗೆ ರೆಕ್ಕೆಯಂತೆ ಅಂಟಿಸಿದ. ಬರೀ ನೋಟಕ್ಕಾಗಿ ಮಾಡಿದ್ದು! ಈ ತೊಲೆ ಮತ್ತು ರೆಕ್ಕೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1950ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಪೂರ್ತಿ ಗಟ್ಟಿ ಹಲಗೆಯ ಗಿಟಾರನ್ನು ಮಾರುಕಟ್ಟೆಗೆ ತಂದ, 1952ರಲ್ಲಿ ಗಿಬ್ಸನ್ ಕಂಪನಿಯೂ ಲೆಸ್ ಪಾಲ್ ಹೆಸರಿನಲ್ಲೇ ಒಂದನ್ನು ತಂದಿತು. ಇವು ಎಷ್ಟು ಜೋರಾದರೂ ಸುಲಭವಾಗಿ ಒದರುವುದಿಲ್ಲ. ಸಿನಿಮಾಗಳಲ್ಲಿ ನಾಯಕ ಕುಣಿಯುತ್ತ ಹಿಡಿಯುವ ಗಿಟಾರು ಬಹುಮಟ್ಟಿಗೆ ಈ ಜಾತಿಯದು.

ನಮ್ಮ ಕಡೆಯೂ ಈ ದಾರಿಯಲ್ಲಿ ನಡೆದವರುಂಟು. ಗೋದಾವರಿ ಸೀಮೆಯ ಪಾಲಕೊಲ್ಲಿನಲ್ಲಿ 1969ರಲ್ಲಿ ಹುಟ್ಟಿದ ಮ್ಯಾಂಡೊಲಿನ್ ಯು. ಶ್ರೀನಿವಾಸ್ ನುಡಿಸಿದ್ದು ಐದು ತಂತಿಯ ಗಟ್ಟಿ ಮೈಯ ವಿದ್ಯುತ್ ಮ್ಯಾಂಡೊಲಿನ್. ಟೊಳ್ಳು ಮ್ಯಾಂಡೊಲಿನಿನಲ್ಲಿ ಸ್ವರ ಬೇಗ ಆರಿಹೋಗುತ್ತದೆ, ಗಮಕ ನಿಲ್ಲುವುದಿಲ್ಲ. ಗಟ್ಟಿ ಮೈ, ಪಿಕಪ್ ಇದ್ದುದರಿಂದಲೇ ಅವರು ಕರ್ನಾಟಕ ಸಂಗೀತವನ್ನು ಅದರಲ್ಲಿ ಹಾಡಿಸಲು ಸಾಧ್ಯವಾಯಿತು. 2014ರಲ್ಲಿ 45ನೇ ವಯಸ್ಸಿಗೇ ಅವರನ್ನು ಕಳೆದುಕೊಂಡೆವು. ಬೆಂಗಳೂರಿನ ರೇಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಅವರು ವೀಣೆಯ ಕೊಡದ ಜಾಗದಲ್ಲಿ ಹಲಗೆ ಇಟ್ಟು, ಪಿಕಪ್ ಕೂಡಿಸಿ ವಿದ್ಯುತ್ ವೀಣೆ ಮಾಡಿದರು. ಅದೇ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರ ಈಗ ಸಂಗೀತ ಕಲಿಯುವ ಎಷ್ಟೋ ಮನೆಗಳಲ್ಲಿದೆ. ಅನುಕೂಲ ಬಹಳ, ಇಲ್ಲ ಎನ್ನಲಾಗದು. ನಮ್ಮ ಭಜನಾ ಮಂಡಳಿಯವರೂ "ಆ ಪೆಟ್ಗಿ ಒಂದು ತರಸಿಬಿಡ್ರಿ, ತಂಬೂರಿ ಗೊಡವಿ ಬ್ಯಾಡ" ಎಂದು ಎರಡು ವರ್ಷದಿಂದ ಹೇಳುತ್ತಿದ್ದಾರೆ.

ಈಗ ಮುಖ್ಯ ಕಥೆಗೆ ಬರೋಣ. ಅಮೆರಿಕದಲ್ಲೂ ಎಲ್ಲರೂ ಗಟ್ಟಿ ಗಿಟಾರಿಗೆ ಒಲಿಯಲಿಲ್ಲ. ಜಾಜ್, ಬ್ಲೂಸ್ ನುಡಿಸುವ ಹಿರಿಯರು ಅದನ್ನು ಹಲಗೆ ಎಂದು ಹಂಗಿಸಿದರು. ಸ್ವರ ಹರಿತವಾಗಿದೆ, ನಿಲ್ಲುತ್ತದೆ, ಆದರೆ ಒಳಗೆ ಗಾಳಿ ಇಲ್ಲ ಎಂಬುದು ಅವರ ದೂರು. ಗಿಬ್ಸನ್ ಕಂಪನಿಯ ಅಂದಿನ ಅಧ್ಯಕ್ಷ ಟೆಡ್ ಮೆಕಾರ್ಟಿ ಎರಡೂ ಕಡೆಯವರ ಮಾತು ಕೇಳಿಸಿಕೊಂಡ. 1958ರಲ್ಲಿ ಇ.ಎಸ್.-335 ಎಂಬ ಗಿಟಾರು ಹೊರಬಂತು.

ಇದರ ಮೈ 16 ಅಂಗುಲ ಅಗಲ. ಹಳೇ ಟೊಳ್ಳು ಗಿಟಾರುಗಳು ಮೂರು ಅಂಗುಲಕ್ಕೂ ಮೀರಿ ದಪ್ಪವಿದ್ದರೆ ಇದು ಎರಡು ಅಂಗುಲದೊಳಗೆ. ಮೇಲ್ಹೊದಿಕೆ, ಕೆಳಹೊದಿಕೆ ಎರಡೂ ತೆಳ್ಳನೆಯ ಮರದ ಪದರಗಳನ್ನು ಅಂಟಿಸಿ ಉಬ್ಬಿಸಿದವು. ಸರಳವಾಗಿ ಹೇಳಬೇಕೆಂದರೆ ಪ್ಲೈವುಡ್ಡೇ! ಸಾವಿರಾರು ಡಾಲರು ಕೊಟ್ಟು ಕೊಳ್ಳುವವರಿಗೆ ಈ ಮಾತು ಹಿಡಿಸುವುದಿಲ್ಲ. ಒಳಗೆ ನಟ್ಟನಡುವೆ, ಕುತ್ತಿಗೆಯಿಂದ ಬುಡದವರೆಗೆ, ಮೇಪಲ್ ಮರದ ಗಟ್ಟಿ ತುಂಡು ಕೂಡಿಸಿದ್ದಾರೆ. ತಂತಿಯ ಕುದುರೆ, ಪಿಕಪ್ ಎಲ್ಲ ಆ ತುಂಡಿನ ಮೇಲೆ ನಿಲ್ಲುತ್ತವೆ. ಅದರ ಎಡಬಲಕ್ಕೆ ಮಾತ್ರ ಟೊಳ್ಳು, ಅದಕ್ಕೆ 'ಎಫ್' ಸೀಳು. ಲೆಸ್ ಪಾಲನ ತೊಲೆ ಮತ್ತು ರೆಕ್ಕೆ ನೆನಪಾಯಿತೇ? ಅಲ್ಲಿ ಬರೀ ನೋಟಕ್ಕಿದ್ದ ರೆಕ್ಕೆಗೆ ಇಲ್ಲಿ ಕೆಲಸ ಸಿಕ್ಕಿತು. ನಡುವಿನ ಮರ ಮೈಯನ್ನು ನಡುಗಲು ಬಿಡುವುದಿಲ್ಲ, ಹಾಗಾಗಿ ಸ್ಪೀಕರಿನ ಸದ್ದಿಗೆ ಬೇಗ ಒದರುವುದಿಲ್ಲ. ಎರಡು ಬದಿಯ ಟೊಳ್ಳು ಸ್ವರಕ್ಕೆ ಸ್ವಲ್ಪ ಗಾಳಿ, ಸ್ವಲ್ಪ ದುಂಡುತನ ಕೊಡುತ್ತದೆ. ಹುಡುಗಿಯ ಪ್ರಶ್ನೆಗೆ ಉತ್ತರ ಇದೇ. ಅಣ್ಣನ ಗಿಟಾರು ಟೊಳ್ಳಾಗಿ ಕಾಣುತ್ತದೆ, ಆದರೆ ನಡುವೆ ಗಟ್ಟಿ ಇದೆ.

ಪಿಕಪ್ಪಿನಲ್ಲೂ ಒಂದು ಜಾಣತನವಿತ್ತು. ಒಂದೇ ಸುರುಳಿಯ ಪಿಕಪ್ಪು ಸುತ್ತಲಿನ ಕರೆಂಟು ವೈರಿನ 'ಗುಂಯ್' ಸದ್ದನ್ನೂ ಹಿಡಿಯುತ್ತದೆ. ಸೇತ್ ಲವರ್ ಎಂಬ ಎಂಜಿನಿಯರು ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದ, ಗುಂಯ್ ಸದ್ದು ಒಂದರಿಂದ ಒಂದು ಕಳೆದುಹೋಯಿತು, ತಂತಿಯ ಸದ್ದು ಮಾತ್ರ ಕೂಡಿಕೊಂಡಿತು. ಗಣಿತದ ಮೇಷ್ಟ್ರು ಇದಕ್ಕೆ ಖುಷಿಪಟ್ಟರು. 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು, ಸಿಕ್ಕಿದ್ದು 1959ರಲ್ಲಿ. ಆ ಕಾಲದ ಪಿಕಪ್ಪುಗಳ ಅಡಿಯಲ್ಲಿ 'ಪೇಟೆಂಟಿಗೆ ಅರ್ಜಿ ಹಾಕಿದೆ' ಎಂದು ಚೀಟಿ ಅಂಟಿಸುತ್ತಿದ್ದರು. ಅಂಥ ಚೀಟಿಯಿರುವ ಪಿಕಪ್ಪಿಗೆ ಇಂದು ಚಿನ್ನದ ಬೆಲೆ.

ಈ ಗಿಟಾರಿನ ಬಳಗಕ್ಕೆ ಸೇರಿದವರಲ್ಲಿ ಮಕ್ಕಳಿಗೆ ಹೇಳಲೇಬೇಕಾದ ಕಥೆ ಬಿ.ಬಿ. ಕಿಂಗ್ ಎಂಬ ಬ್ಲೂಸ್ ಗಾಯಕನದು. ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ಕೂಲಿ ಮಾಡಿ ಬೆಳೆದವನು. ನಮ್ಮ ಸೀಮೆಯಲ್ಲೂ ಹತ್ತಿ ಬಿಡಿಸಿದ ಕೈಗಳಿಗೇನು ಕಡಿಮೆ? 1949ರ ಚಳಿಗಾಲದಲ್ಲಿ ಅರ್ಕನ್ಸಾಸಿನ ಟ್ವಿಸ್ಟ್ ಎಂಬ ಹಳ್ಳಿಯ ಒಂದು ಕೊಠಡಿಯಲ್ಲಿ ಅವನು ಹಾಡುತ್ತಿದ್ದಾಗ ಇಬ್ಬರು ಹೊಡೆದಾಡಿ, ಬೆಚ್ಚಗಿರಲೆಂದು ಸೀಮೆಎಣ್ಣೆ ಉರಿಸಿಟ್ಟಿದ್ದ ಪೀಪಾಯಿ ಉರುಳಿ ಬೆಂಕಿ ಹತ್ತಿತು. ಹೊರಗೆ ಓಡಿಬಂದ ಕಿಂಗ್, ಗಿಟಾರು ಒಳಗೇ ಉಳಿಯಿತು ಎಂದು ಉರಿಯುವ ಕೊಠಡಿಗೆ ಮತ್ತೆ ನುಗ್ಗಿ ತಂದ. ಜಗಳವಾದದ್ದು ಲೂಸಿಲ್ ಎಂಬ ಹೆಂಗಸಿಗಾಗಿ ಎಂದು ಮರುದಿನ ತಿಳಿಯಿತು. ಇನ್ನೆಂದೂ ಇಂಥ ಹುಚ್ಚು ಮಾಡಬಾರದೆಂಬ ನೆನಪಿಗಾಗಿ ತನ್ನ ಗಿಟಾರುಗಳಿಗೆಲ್ಲ ಲೂಸಿಲ್ ಎಂದೇ ಹೆಸರಿಟ್ಟ. ಮುಂದೆ ಅವನು ಬಹುಕಾಲ ನುಡಿಸಿದ್ದು 335ರ ಅಕ್ಕನಂತಿದ್ದ 355. ಸಭೆಗಳು ದೊಡ್ಡದಾದಂತೆ ಅದೂ ಒದರುತ್ತಿತ್ತು, ಆಗ 'ಎಫ್' ಸೀಳಿನೊಳಗೆ ಬಟ್ಟೆ ತುರುಕುತ್ತಿದ್ದನಂತೆ! 1980ರಲ್ಲಿ ಕಂಪನಿ ಅವನ ಹೆಸರಿನಲ್ಲಿ ಮಾಡಿದ ಲೂಸಿಲ್ ಗಿಟಾರಿಗೆ ಸೀಳನ್ನೇ ಇಡಲಿಲ್ಲ. ಅವನು ತೀರಿಕೊಂಡದ್ದು 2015ರಲ್ಲಿ.

ಬೀಟಲ್ಸ್ ತಂಡದ ಜಾನ್ ಲೆನನ್ ನುಡಿಸುತ್ತಿದ್ದ ಎಪಿಫೋನ್ ಕ್ಯಾಸಿನೊ ನೋಡಲು ಥೇಟ್ ಇದರಂತೆಯೇ, ಆದರೆ ಒಳಗೆ ಗಟ್ಟಿ ತುಂಡಿಲ್ಲ, ಪೂರ್ತಿ ಟೊಳ್ಳು. 1969ರ ಜನವರಿ 30ರಂದು ಲಂಡನ್ನಿನ ಒಂದು ಮಾಳಿಗೆಯ ಮೇಲೆ ಅವರು ನುಡಿಸಿದ ಕೊನೆಯ ಕಾರ್ಯಕ್ರಮದಲ್ಲಿ ಅವನ ಕೈಯಲ್ಲಿದ್ದದ್ದು ಅದೇ. ಒದರಾಟವನ್ನೇ ಬೇಕೆಂದು ಬಳಸಿಕೊಳ್ಳುವವರೂ ಆಗ ಹುಟ್ಟಿಕೊಂಡಿದ್ದರು, ಅದು ಬೇರೆ ಕಥೆ.

ನಮ್ಮ ಹಳೇ ವಿದ್ಯಾರ್ಥಿಯನ್ನು ಕೇಳಿದೆವು, "ಅಲ್ಲಪ್ಪ, ಈಗ ಇಷ್ಟೆಲ್ಲ ಹೊಸ ಗಿಟಾರು ಬಂದಾವ, ನೀ ಯಾಕ ಅರವತ್ತು ವರ್ಷದ ಹಿಂದಿನ ಮಾದರಿ ತಗೊಂಡಿ?" ಅವನದು ಅಸಲಿ ಅಲ್ಲ, ಅದೇ ಆಕಾರದ ಅಗ್ಗದ ಗಿಟಾರು, ಅದೂ ಒಬ್ಬರು ಬಳಸಿ ಮಾರಿದ್ದು, ಎರಡು ಕಂತಿನಲ್ಲಿ ದುಡ್ಡು ಕೊಟ್ಟನಂತೆ. ಅವನೆಂದ: "ಸರ್, ರೂಮಿನಾಗ ರಾತ್ರಿ ಬಾಕ್ಸ್ ಹಚ್ಚಂಗಿಲ್ಲ, ಓನರ್ ಬೈತಾರ. ಇದು ಕರೆಂಟ್ ಇಲ್ದೇನೂ ಸಣ್ಣಗ ಮಾತಾಡತೈತಿ. ಹಲಗಿ ಗಿಟಾರ್ ಮಾತಾಡಂಗಿಲ್ಲ."

ನಮಗೆ ಈ ಉತ್ತರ ಯಾವ ಪುಸ್ತಕದ್ದಕ್ಕಿಂತಲೂ ಹಿಡಿಸಿತು. ಹಳೇ ಮಾದರಿಯ ಮೋಹದಲ್ಲಿ ಅರ್ಧ ಬರೀ ಮೋಹವೇ ಎಂದು ನಮ್ಮ ಅನಿಸಿಕೆ. 1962ರವರೆಗಿನ 335ರಲ್ಲಿ ಮೆಟ್ಟುಗಳ ನಡುವೆ ಚುಕ್ಕಿ ಇದ್ದವು, ಆಮೇಲೆ ಚೌಕ ಬಂದವು. ಚುಕ್ಕಿಯದೇ ಬೇಕೆಂದು ಹಟ ಹಿಡಿಯುವವರಿದ್ದಾರೆ, ಚುಕ್ಕಿಯಿಂದ ನಾದ ಬದಲಾಗುತ್ತದೆಯೇ? ಇನ್ನರ್ಧ ಮಾತ್ರ ನಿಜವಾದ ಕಾರಣ. ಒಂದೇ ಗಿಟಾರಿನಲ್ಲಿ ಮೆಲ್ಲಗೆ ನುಡಿಸಿದರೆ ಜಾಜ್, ಏರಿಸಿದರೆ ಬ್ಲೂಸ್, ಇನ್ನೂ ಏರಿಸಿದರೆ ರಾಕ್. ಮೈ ಅಗಲವಿದ್ದರೂ ಭಾರ ಕಡಿಮೆ, ಎರಡೂ ಕಡೆ ಕತ್ತರಿಸಿರುವುದರಿಂದ ಕೈ ಕೊನೆಯ ಮೆಟ್ಟಿನವರೆಗೂ ಹೋಗುತ್ತದೆ. ಮಾಡಿದ ಊರು ಮಾತ್ರ ಉಳಿಯಲಿಲ್ಲ. ಕಂಪನಿ ನ್ಯಾಶ್‌ವಿಲ್‌ಗೆ ಹೋಗಿ 1984ರಲ್ಲಿ ಕಲಮಜೂ ಕಾರ್ಖಾನೆ ಮುಚ್ಚಿತು. ಊರು ಬಿಟ್ಟು ಹೋಗಲೊಲ್ಲದ ಕೆಲವು ಹಳೇ ಕೆಲಸಗಾರರು ಅದೇ ಕಟ್ಟಡದಲ್ಲಿ 1985ರಲ್ಲಿ ಹೆರಿಟೇಜ್ ಎಂಬ ಹೆಸರಿನಲ್ಲಿ ಗಿಟಾರು ಮಾಡಲು ಕುಳಿತರು.

ಇನ್ನೊಂದು ವಿಷಯ ತಿಳಿದಾಗ ನಮಗೇ ಆಶ್ಚರ್ಯವಾಯಿತು. ಮೆಟ್ಟುಗಳನ್ನು ಕೂಡಿಸುವ ಆ ಕಂದು ಹಲಗೆ ಮೊದಲು ಬ್ರೆಜಿಲಿನ ಬೀಟೆ ಮರದ್ದಾಗಿತ್ತು. ಅದು ಸಿಗುವುದು ಕಷ್ಟವಾದಾಗ, 1960ರ ದಶಕದ ನಡುವಿನಿಂದ ಭಾರತದ ಬೀಟೆ ಅಲ್ಲಿಗೆ ಹೋಯಿತು. ಕೊಡಗು, ಮಲೆನಾಡು, ವಯನಾಡು, ನೀಲಗಿರಿಯಂಥ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ, ಮೈಸೂರಿನ ಕೆತ್ತನೆಯವರು ಚಿತ್ರ ಕೂಡಿಸುವ ಅದೇ ಬೀಟೆ. 2011ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ಮಾಡಿ ಭಾರತದ ಬೀಟೆ, ಎಬೊನಿ ಮರವನ್ನು ಜಪ್ತಿ ಮಾಡಿದರು. ಭಾರತದಿಂದ ಇಷ್ಟು ದಪ್ಪದ ಕೊಯ್ದ ಮರ ಹೊರಗೆ ಹೋಗುವಂತಿಲ್ಲ ಎಂಬುದು ಆಕ್ಷೇಪ, ಅನುಮತಿಯಿಂದಲೇ ತಂದಿದ್ದೇವೆ ಎಂಬುದು ಕಂಪನಿಯ ವಾದ. 2012ರಲ್ಲಿ ರಾಜಿಯಾಯಿತು. ಮಡಗಾಸ್ಕರಿನ ಎಬೊನಿ ವಿಷಯದಲ್ಲಿ ಕಂಪನಿ 3 ಲಕ್ಷ ಡಾಲರು ದಂಡ ಕಟ್ಟಿತು, ಭಾರತದ ಮರ ಅದಕ್ಕೆ ಹಿಂದಿರುಗಿತು. 2017ರ ಜನವರಿಯಿಂದ ಬೀಟೆ ಜಾತಿಯ ಮರಗಳಿಗೆಲ್ಲ ಅಂತರರಾಷ್ಟ್ರೀಯ ನಿರ್ಬಂಧ ಬಂದು, ವಾದ್ಯ ಹಿಡಿದು ಗಡಿ ದಾಟುವವರಿಗೂ ಕಾಗದಪತ್ರದ ಕಾಟವಾಯಿತು. ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ನವೆಂಬರಿನಲ್ಲಿ. ಗಡಿಯಲ್ಲಿ ಪ್ರಮಾಣಪತ್ರ ಹಿಡಿದು ಅಲೆಯುವ ಕಷ್ಟ ನಮಗೆ ಯಾರೂ ವಿವರಿಸಬೇಕಾಗಿಲ್ಲ ಬಿಡಿ.

ಈಗ ತಾತನ ವಿಷಯ. ನವೆಂಬರ್ ಒಂದಕ್ಕೆ ಶಾಲೆಯಲ್ಲಿ ಮತ್ತೆ ಕಾರ್ಯಕ್ರಮವಿತ್ತು. 1956ರ ಆ ದಿನವೇ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರಗಳು ಅತ್ತ ಹೋದದ್ದು ಎಂಬುದನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇವೆ. ತಾತನನ್ನು ಕರೆಯಲು ಹೋದರೆ, "ಬ್ಯಾಡ್ರಿ ಮಾಸ್ತರ್ರೆ, ಆ ಪೆಟ್ಗಿಗೂ ನನಗೂ ಆಗಿಬರಂಗಿಲ್ಲ. ನನ್ ತಂಬೂರಿ ಹಳೇದಾತು" ಎಂದರು. ಹಳೆಯದಾಗಿಲ್ಲ, ಅಮೆರಿಕದಲ್ಲೂ ಹಿಂಗ ಆಗಿತ್ತು ತಾತ ಎಂದು ಬಿ.ಬಿ. ಕಿಂಗ್ ಬಟ್ಟೆ ತುರುಕಿದ ಕಥೆ ಹೇಳಿದೆವು. ಬಹಳ ಹೊತ್ತು ನಕ್ಕರು, ಬಂದರು.

ವಿಜ್ಞಾನದ ಮೇಷ್ಟ್ರು ಮತ್ತು ಮೈಕಿನ ಹುಡುಗ ಕೂಡಿ ಬಾಕ್ಸುಗಳನ್ನು ತಾತನ ಹಿಂದಿನಿಂದ ತೆಗೆದು ಮುಂದೆ, ಜನರ ಕಡೆ ಮುಖ ಮಾಡಿ ಇಟ್ಟರು. ಮೈಕನ್ನು ಬುರುಡೆಗೆ ಗೇಣಿನಷ್ಟು ಹತ್ತಿರ ತಂದು ದನಿ ಇಳಿಸಿದರು. ಬುರುಡೆಯ ಹಿಂಭಾಗಕ್ಕೆ ತಾತನ ಶಲ್ಯವನ್ನೇ ಎರಡು ಸುತ್ತು ಸುತ್ತಿದೆವು. ತಾತ ಅನುಮಾನದಿಂದಲೇ ಒಂದು ಸಲ ಮೀಟಿ ಬಾಕ್ಸಿನ ಕಡೆ ನೋಡಿದರು. ಅದು ಸುಮ್ಮನಿತ್ತು. ನಾದ ಸ್ವಲ್ಪ ಮಂದವಾಯಿತು, ಸುಳ್ಳು ಹೇಳುವುದೇಕೆ, ಆದರೆ ಕೊನೆಯ ಸಾಲಿನ ಮಕ್ಕಳಿಗೂ ಕೇಳಿಸಿತು. ಒಂದು ಪದ ಹಾಡಲು ಬಂದವರು ನಾಲ್ಕು ಹಾಡಿದರು.

ಗಡಿಬಿಡಿಯಲ್ಲಿ ಶಲ್ಯ ನಮ್ಮಲ್ಲೇ ಉಳಿಯಿತು. ಮರುದಿನ ಅದನ್ನು ಒಯ್ಯಲು ಶಾಲೆಗೆ ಬಂದ ತಾತ, ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: "ಆ ಕೆಂಪು ಗಿಟಾರಿನ ಹುಡುಗ ಸಂಕ್ರಾಂತಿಗೆ ಊರಿಗೆ ಬರ್ತಾನೇನ್ರಿ? ಬಂದ್ರ ಒಂದ್ ಮಾತ್ ನನಗ ಹೇಳ್ರಿ."